ಪ್ರತಿಕ್ರಿಯೆ: ಸುರಕ್ಷಿತ ಮಿತಿಯನ್ನು ನೂರು ಪಟ್ಟು ಇಳಿಸುವುದೇಕೆ?

ಮಾನ್ಯರೇ, ಕೀಟನಾಶಕದಂತಹ ರಾಸಾಯನಿಕವು ಇಲಿಗಳಲ್ಲಿ ಹಾನಿ ತೋರದ ಪ್ರಮಾಣವನ್ನೇ ಮನುಷ್ಯರಿಗೂ ಮಿತಿಯಾಗಿ ಏಕೆ ಇಡಬಾರದು ಎಂದು ಕೇಳಿದ್ದೀರಿ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯರೊಳಗಿನ ವ್ಯತ್ಯಾಸಕ್ಕೆ ಇನ್ನೊಂದು 10, ಹೀಗೆ ಆ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಸಂತಾನಶಕ್ತಿಗೆ ಅಥವಾ ಭ್ರೂಣಕ್ಕೆ ಹಾನಿಕರವೆಂದು ಪಟ್ಟಿಮಾಡಿದ ರಾಸಾಯನಿಕಗಳಿಗೆ ಕ್ಯಾಲಿಫೋರ್ನಿಯಾದಲ್ಲಿ 1000ದಿಂದಲೇ ಭಾಗಿಸುತ್ತಾರೆ. ಅದು ಅತಿಯೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅಂಗಗಳು ರೂಪುಗೊಳ್ಳುವ ಕೆಲವೇ ವಾರಗಳಲ್ಲಿ ತಗಲಿದ ವಿಷವು ತಾಯಿಯಲ್ಲಿ ಯಾವ ಲಕ್ಷಣವನ್ನೂ ತೋರದೆ ಮಗುವನ್ನು ಜೀವನಪೂರ್ತಿ ಬಾಧಿಸಬಹುದು. ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆಯ ಕಡೆ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಅಲ್ಲಿನ ಪಡ್ರೆ ಗ್ರಾಮದ ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗಿರುವುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೋಡು (ಹಳ್ಳ), ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ನೀರನ್ನೇ ಕುಡಿಯುವ ಇಂತಹ ಊರುಗಳಿಗೆ ಮಿತಿ ನಿಗದಿಪಡಿಸುವಾಗ ಆಹಾರವೊಂದನ್ನೇ ಅಲ್ಲ, ನೀರು, ಗಾಳಿ, ಮಣ್ಣುಗಳ ಮೂಲಕ ದೇಹ ಸೇರುವುದನ್ನೂ ಒಟ್ಟಾಗಿ ಲೆಕ್ಕಹಾಕಲೇಬೇಕು.