ಓದುಗರ ಪ್ರಶ್ನೆ: ನಾಲ್ಕು ಜನರ ಮುಂದೆ ದನಿ ನಡುಗಿದಾಗ

ಪ್ರಶ್ನೆ: ನಾಪೋಕ್ಲು ಸಮೀಪದ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ವಯಸ್ಸು 27. ಲೆಕ್ಕಪತ್ರದ ಕೆಲಸದಲ್ಲಿ ನನಗೆ ಅಂಜಿಕೆಯಿಲ್ಲ. ಆದರೆ ಸಾಲದ ಅರ್ಜಿ ಹಿಡಿದು ಬಂದ ಹಿರಿಯ ಸದಸ್ಯರು ಸ್ವಲ್ಪ ದನಿ ಏರಿಸಿದರೂ ಎದೆ ಹೊಡೆದುಕೊಳ್ಳುತ್ತದೆ, ಮುಖ ಬಿಸಿಯಾಗುತ್ತದೆ, ಗೊತ್ತಿರುವ ಉತ್ತರವೂ ನಾಲಿಗೆಗೆ ಬರುವುದಿಲ್ಲ. ಕಳೆದ ಮಹಾಸಭೆಯಲ್ಲಿ ಜಮಾ-ಖರ್ಚು ಓದುವಾಗ ಕೈ ನಡುಗಿದ್ದನ್ನು ಎಲ್ಲರೂ ನೋಡಿದರೆಂದು ಈಗಲೂ ಕೊರಗುತ್ತೇನೆ. ಕೈಲ್ ಮುಹೂರ್ತ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಮತ್ತೆ ಮಹಾಸಭೆಯಿದೆ. ಮದುವೆಗಳಲ್ಲೂ ಮಾತು ತಪ್ಪಿಸಿಕೊಳ್ಳಲು ಬಡಿಸುವ ಕೆಲಸಕ್ಕೆ ನಿಂತುಬಿಡುತ್ತೇನೆ. ಧೈರ್ಯ ಬರಲು ಏನು ಮಾಡಲಿ?
– ಹೆಸರು ಬೇಡ, ಮಡಿಕೇರಿ ತಾಲೂಕು

ಉತ್ತರ: ಧೈರ್ಯ ಬಂದ ಮೇಲೆ ಮಾತನಾಡೋಣವೆಂದು ಕಾಯುವುದನ್ನು ಮೊದಲು ಬಿಡಿ. ಎದೆ ಹೊಡೆದುಕೊಳ್ಳುತ್ತಿರುವಾಗಲೂ ಸರಿಯಾದ ಉತ್ತರ ಕೊಡಲು ಸಾಧ್ಯ, ಮತ್ತು ಹಾಗೆ ಕೊಡುತ್ತ ಕೊಡುತ್ತಲೇ ಅಂಜಿಕೆ ತಗ್ಗುತ್ತದೆ. ಎದುರಿನವರು ದನಿ ಏರಿಸಿದಾಗ ದೇಹ ಅದನ್ನು ಅಪಾಯವೆಂದೇ ಎಣಿಸಿ ಅಡ್ರಿನಲಿನ್ ಹರಿಸುತ್ತದೆ. ಎದೆಬಡಿತ ಏರುವುದು, ಬಾಯಿ ಒಣಗುವುದು, ಬೆರಳು ನಡುಗುವುದು ಎಲ್ಲವೂ ಅದರಿಂದಲೇ. ಗಟ್ಟಿಗರೆಂದು ನೀವು ಭಾವಿಸಿರುವವರ ದೇಹವೂ ಇದನ್ನೇ ಮಾಡುತ್ತದೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು, ನಿಧಾನವಾಗಿ ಹೊರಬಿಟ್ಟರೆ ಬಡಿತ ತುಸು ಇಳಿಯುತ್ತದೆ, ಏಕೆಂದರೆ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವ ಉಸಿರು ಬಿಡುವಾಗ ಹೆಚ್ಚುತ್ತದೆ. ಕೌಂಟರಿನ ಹಿಂದೆ ಕುಳಿತೇ, ಎದುರಿದ್ದವರಿಗೆ ತಿಳಿಯದಂತೆ, ಹೀಗೆ ನಾಲ್ಕೈದು ಬಾರಿ ಮಾಡಬಹುದು.

ಕೈ ನಡುಗಿದ್ದನ್ನು ಎಲ್ಲರೂ ನೋಡಿದರೆಂಬ ಕೊರಗಿಗೆ ಬಹುಮಟ್ಟಿಗೆ ಆಧಾರವಿಲ್ಲ. ನಮ್ಮೊಳಗಿನ ತಳಮಳ ಹೊರಗೆ ಎಷ್ಟು ಕಾಣುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಹೆಚ್ಚಾಗಿಯೇ ಅಂದಾಜಿಸುತ್ತೇವೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಿಮ್ಮ ಗಾಬರಿ ನೀವೆಣಿಸಿದಷ್ಟು ಕೇಳುಗರಿಗೆ ಕಾಣುವುದಿಲ್ಲ’ ಎಂದು ಭಾಷಣಕ್ಕೆ ಮೊದಲೇ ತಿಳಿಸಲ್ಪಟ್ಟ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಕೇಳುಗರ ಅಭಿಪ್ರಾಯವೂ ಹಾಗೆಯೇ ಇತ್ತು. ವೇದಿಕೆ ಹತ್ತುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು ಬೇರೊಂದು ಸಂಗತಿ. ನಿಮ್ಮ ಎದೆ, ಮುಖ, ನಾಲಿಗೆ, ಕೈ ಎಲ್ಲದರ ವಿವರ ಅದರಲ್ಲಿದೆ. ಆ ಹಿರಿಯರು ಯಾಕೆ ದನಿ ಏರಿಸಿದರು ಎಂಬುದು ಮಾತ್ರ ಇಲ್ಲ. ಗಂಟು ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ. ನಿಮ್ಮನ್ನು ನೀವೇ ಕಾವಲು ಕಾಯುತ್ತ ಕುಳಿತಾಗ ಎದುರಿನ ಮಾತು ಅರ್ಧವಷ್ಟೇ ಕೇಳಿಸುತ್ತದೆ, ಉತ್ತರ ಮರೆಯುವುದೂ ಇದರಿಂದಲೇ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹೆಸರು ಒಟ್ಟಿಗೆ ಇರುವುದು ನಮ್ಮಲ್ಲಿ ಸಾಮಾನ್ಯವಷ್ಟೆ. ಅಜ್ಜನ ಕಾಲದಿಂದ ತಾವೇ ದುಡಿದ ತೋಟದ ಮೇಲೆ ಸಾಲ ಕೇಳಲು ಬಂದವರಿಗೆ ಉಳಿದವರ ಒಪ್ಪಿಗೆ ತನ್ನಿ ಎಂದಾಗ, ಆ ಉಳಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಮಾತು ಬಿಟ್ಟವರಾಗಿದ್ದರೆ, ಸಿಟ್ಟು ಬರದೆ ಇದ್ದೀತೇ? ಆ ಸಿಟ್ಟು ಕಾಗದದ ಮೇಲಿನದು; ಕೌಂಟರಿನಲ್ಲಿ ನೀವಿದ್ದೀರಿ ಎಂಬ ಕಾರಣಕ್ಕೆ ನಿಮ್ಮ ಮೇಲೆ ಬೀಳುತ್ತದೆ.

ಆದ್ದರಿಂದ ಅವರು ಹೇಳುವುದನ್ನು ಮುಗಿಸಲು ಬಿಡಿ, ಒಂದು ಉಸಿರು ಬಿಟ್ಟು, ಆಮೇಲೆ ಮಾತು ತೆಗೆಯಿರಿ. ‘ಮಾವ, ಆರ್‌ಟಿಸಿಯಲ್ಲಿ ಇನ್ನೂ ಮೂವರ ಹೆಸರಿದೆ, ಅದಕ್ಕೇ ಕಡತ ಮುಂದೆ ಹೋಗುತ್ತಿಲ್ಲ. ಯಾರ ಒಪ್ಪಿಗೆ ಬಾಕಿಯಿದೆಯೋ ಅವರ ಹೆಸರನ್ನು ಬರೆದುಕೊಡುತ್ತೇನೆ’ ಎಂದು ಹೇಳಿ ಪೆನ್ನು ಕೈಗೆತ್ತಿಕೊಳ್ಳಿ. ದನಿ ತಗ್ಗಿಸಿ ಎಂದು ನೀವು ಕೇಳುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ, ಕಾರ್ಯದರ್ಶಿಯವರನ್ನು ವಿಚಾರಿಸಿ ಯಾವ ದಿನ ತಿಳಿಸುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಆ ದಿನ ನೀವೇ ಫೋನ್ ಮಾಡಿ. ಬೈಗುಳಕ್ಕೆ ಇಳಿದವರ ಮಾತನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ. ಅದನ್ನು ಆಡಳಿತ ಮಂಡಳಿಯ ಗಮನಕ್ಕೆ ತರುವುದು ನಿಮ್ಮ ಹಕ್ಕು.

ಮಹಾಸಭೆಗೆ ಈಗಿನಿಂದಲೇ ಸಿದ್ಧತೆ ಮಾಡಿಕೊಳ್ಳಿ. ಸುಸ್ತಿ ಸಾಲ, ಲಾಭದ ಹಂಚಿಕೆ, ಗೊಬ್ಬರದ ದಾಸ್ತಾನು – ಸದಸ್ಯರು ಕೇಳುವುದು ಹೆಚ್ಚಾಗಿ ಇವನ್ನೇ. ಪ್ರತಿಯೊಂದರ ಅಂಕಿಯನ್ನೂ ಕಳೆದ ವರ್ಷದ ಅಂಕಿಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬಿಡಿ ಹಾಳೆಯ ಬದಲು ರಟ್ಟಿನ ಕಡತದಲ್ಲಿಟ್ಟು ಓದಿದರೆ ಕೈಯ ನಡುಕ ಕಾಗದಕ್ಕೆ ಹರಿಯುವುದಿಲ್ಲ. ಮೊದಲ ಎರಡು ವಾಕ್ಯ ಬಾಯಿಪಾಠವಿರಲಿ. ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಕೊನೆಯ ಸಾಲಿಗೆ ಸಹೋದ್ಯೋಗಿಯೊಬ್ಬರನ್ನು ಕೂರಿಸಿ ಗಟ್ಟಿಯಾಗಿ ಓದಿ ನೋಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮೆಲುದನಿ ಯಾರಿಗೂ ಕೇಳಿಸದು.

ಮದುವೆಯಲ್ಲಿ ಬಡಿಸುವುದು ತಪ್ಪಲ್ಲ, ಅದರ ಹಿಂದೆ ಅಡಗುವುದು ಮಾತ್ರ ಅಂಜಿಕೆಯನ್ನು ಬೆಳೆಸುತ್ತದೆ. ಬಡಿಸಿದ ಮೇಲೆ ಪರಿಚಯದ ಒಬ್ಬರ ಪಕ್ಕ ಕುಳಿತು ಅವರ ತೋಟದ, ಮಕ್ಕಳ ಸಮಾಚಾರ ಕೇಳಿ. ಸದ್ಯಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ಮಾಡಿದರೂ ಕೆಲಸಕ್ಕೆ ಹೋಗಲೇ ಮನಸ್ಸಾಗದಷ್ಟು ಭಯ ತಿಂಗಳುಗಟ್ಟಲೆ ಉಳಿದರೆ, ಅದು ಚಿಕಿತ್ಸೆಯಿಂದ ಗುಣವಾಗುವ ಸಾಮಾಜಿಕ ಆತಂಕದ ತೊಂದರೆಯಿರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹೇಳಿಕೊಳ್ಳಲು ಸಂಕೋಚ ಬೇಡ.

ಪ್ರಶ್ನೆ: ಕಾಫಿ ಮಾರಲು ಹೋದಾಗ ವ್ಯಾಪಾರಿ ‘ಔಟ್‌ಟರ್ನ್ ಕಡಿಮೆ’ ಎಂದೊಡನೆ ಬಾಯಿ ಕಟ್ಟಿದಂತಾಗಿ, ಹೇಳಿದ ದರಕ್ಕೆ ಒಪ್ಪಿಬಿಡುತ್ತೇನೆ.
– ಬೆಳೆಗಾರ, ಸೋಮವಾರಪೇಟೆ

ಉತ್ತರ: ನಿಮಗೆ ಬೇಕಾದದ್ದು ಮಾತಿನ ಚಾತುರ್ಯಕ್ಕಿಂತ ಹೆಚ್ಚಾಗಿ ಕೈಯಲ್ಲೊಂದು ಅಂಕಿ. 50 ಕೆಜಿ ಚೆರಿಯಿಂದ (ಒಣಗಿಸಿದ ಕಾಫಿ ಹಣ್ಣಿನಿಂದ) ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದೇ ಔಟ್‌ಟರ್ನ್ ಆದ್ದರಿಂದ, ಹಲವು ಚೀಲಗಳಿಂದ ಸ್ವಲ್ಪ ಸ್ವಲ್ಪ ಮಾದರಿ ತೆಗೆದು, ತೇವಾಂಶವನ್ನೂ ಔಟ್‌ಟರ್ನನ್ನೂ ಬೇರೊಂದು ಕಡೆ ಮೊದಲೇ ನೋಡಿಸಿಕೊಳ್ಳಿ. ಮಾದರಿ ತೂಗುವಾಗ ತಕ್ಕಡಿಯ ಪಕ್ಕದಲ್ಲೇ ನಿಲ್ಲಿ. ಅವರ ಲೆಕ್ಕ ನಿಮ್ಮದಕ್ಕಿಂತ ಕೆಳಗಿದ್ದರೆ ‘ನನಗೆ ಬೇರೆ ಕಡೆ ಹೆಚ್ಚು ಬಂದಿದೆ, ಇನ್ನೊಮ್ಮೆ ನೋಡೋಣ’ ಎಂದಷ್ಟೇ ಹೇಳಿ ಸುಮ್ಮನಿರಿ. ಆ ಮೌನವನ್ನು ತುಂಬಲು ನೀವು ದರ ಇಳಿಸಬೇಡಿ. ಒಪ್ಪಿಗೆಯಾಗದಿದ್ದರೆ ‘ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ’ ಎಂದು ಎದ್ದು ಬನ್ನಿ. ಚೆನ್ನಾಗಿ ಒಣಗಿದ ಕಾಫಿ ಒಂದು ದಿನದಲ್ಲಿ ಕೆಡುವುದಿಲ್ಲ.