80 ಕೆಲ್ವಿನ್‌ನಲ್ಲಿ ರೋಧ ಸೊನ್ನೆಯಾದದ್ದು ಅತಿವಾಹಕತೆಯೇ?

ಧಾರವಾಡದ ಪ್ರಯೋಗಾಲಯದಲ್ಲಿ ದ್ರವ ಸಾರಜನಕದಿಂದ ತಂಪುಗೊಳಿಸಿದ ನಿಮ್ಮ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಬಿಲ್ಲೆಯ ರೋಧವು 80 ಕೆಲ್ವಿನ್ ಸುಮಾರಿಗೆ ಒಮ್ಮೆಲೇ ಸೊನ್ನೆಗಿಳಿದದ್ದಕ್ಕೆ ಬಹುಮಟ್ಟಿಗೆ ಕಾರಣ ಅತಿವಾಹಕತೆ, ಅಂದರೆ ತಂಪಾದ ವಸ್ತು ರೋಧವೇ ಇಲ್ಲದೆ ವಿದ್ಯುತ್ ಹರಿಸುವ ಸ್ಥಿತಿ, ಅಲ್ಲ; ತಂತಿಗಳನ್ನು ಬಿಲ್ಲೆಗೆ ಅಂಟಿಸುವ ಸಿಲ್ವರ್ ಪೇಸ್ಟಿನ ಸಂಪರ್ಕ ಬಿಟ್ಟಿರುವುದು. ಸಂಪರ್ಕ ಬಿಟ್ಟಾಗ ಪ್ರವಾಹ ಹರಿಯದೆ ಅಥವಾ ವೋಲ್ಟೇಜ್ ಮಾಪಕಕ್ಕೆ ತಲುಪದೆ ಸೊನ್ನೆ ಕಾಣಬಹುದು. ಮಳೆಗಾಲದ ತೇವ ಹೀರಿದ್ದ ನನ್ನ ಬಿಲ್ಲೆಯೂ ಹೀಗೆಯೇ ಮೋಸಮಾಡಿತ್ತು. 2001ರಲ್ಲಿ ನ್ಯಾನೊಟ್ಯೂಬ್‌ಗಳ ಕಟ್ಟುಗಳಲ್ಲಿ ಅತಿವಾಹಕತೆ ವರದಿಯಾದದ್ದು ಸುಮಾರು 0.55 ಕೆಲ್ವಿನ್‌ನಲ್ಲಿ; ಜಿಯೊಲೈಟ್ ಎಂಬ ಖನಿಜದ ರಂಧ್ರಗಳೊಳಗಿನ 4 ಆಂಗ್‌ಸ್ಟ್ರಾಮ್ (0.4 ನ್ಯಾನೊಮೀಟರ್) ವ್ಯಾಸದ ಕೊಳವೆಗಳಲ್ಲಿಯೂ ಅದು 15 ಕೆಲ್ವಿನ್ ಸುಮಾರಿಗಷ್ಟೇ. ಅಲ್ಲದೆ ನ್ಯಾನೊಟ್ಯೂಬಿನಂಥ ಏಕ ಆಯಾಮದ ತಂತಿಯಲ್ಲಿ ಅತಿವಾಹಕ ಅಲೆಯ ಫೇಸ್ (ಏರಿಳಿತದ ಹಂತ) ಆಗಾಗ ಜಾರುವುದರಿಂದ ರೋಧವು ಮೆಲ್ಲಗೆ ಇಳಿಯಬೇಕೇ ಹೊರತು ಹೀಗೆ ಕಡಿದಂತೆ ಬೀಳುವುದಿಲ್ಲ.

ಮೊದಲು, ಬಿಲ್ಲೆ ತಂಪಾಗಿರುವಾಗಲೇ ಅದಕ್ಕೆ ಜೋಡಿಸಿದ ನಾಲ್ಕೂ ತಂತಿಗಳ (ಎರಡು ಪ್ರವಾಹಕ್ಕೆ, ಎರಡು ವೋಲ್ಟೇಜ್ ಅಳೆಯಲು) ನಡುವಿನ ರೋಧವನ್ನು ಎರಡೆರಡಾಗಿ ಅಳೆಯಿರಿ. ಒಂದು ತಂತಿಯಿರುವ ಜೋಡಿಗಳೆಲ್ಲ ಮೆಗಾಓಮ್ ತೋರಿಸಿದರೆ ದೋಷ ಅಲ್ಲಿಯೇ ಇದೆ. ಹಾಗಾಗದಿದ್ದರೆ ಪ್ರವಾಹದ ದಿಕ್ಕನ್ನು ತಿರುಗಿಸಿ ಮತ್ತೆ ಅಳೆಯಿರಿ, ಬಳಿಕ ತಂತಿಗಳ ಪಾತ್ರಗಳನ್ನು ಬದಲಿಸಿ ನೋಡಿರಿ, ಏಕೆಂದರೆ ಒತ್ತಿ ಮಾಡಿದ ಬಿಲ್ಲೆ ಏಕರೂಪವಾಗಿರದೆ ಪ್ರವಾಹವು ವೋಲ್ಟೇಜ್ ಬಿಂದುಗಳಿಂದ ದೂರ ಸುತ್ತಿ ಹರಿದರೂ ಸೊನ್ನೆ, ಕೆಲವೊಮ್ಮೆ ಋಣ ಸಂಖ್ಯೆಯೂ ಬರುತ್ತದೆ. ತಾಪಮಾನದೊಂದಿಗೆ ರೋಧ ಬದಲಾಗುವ ವಕ್ರರೇಖೆಯನ್ನು ನೋಡದೆ, ಬಿಟ್ಟ ಸಂಪರ್ಕ ಮತ್ತು ಏಕರೂಪವಲ್ಲದ ಬಿಲ್ಲೆ ಇವೆರಡರಲ್ಲಿ ಯಾವುದೆಂದು ಖಚಿತವಾಗಿ ಹೇಳಲಾರೆ.

ಸಂಪರ್ಕವೇ ದೋಷವಾದರೆ ಬಿಲ್ಲೆಯನ್ನು ನಿರ್ವಾತದಲ್ಲಿ ಚೆನ್ನಾಗಿ ಒಣಗಿಸಿ, ಪೇಸ್ಟನ್ನು ಹೊಸದಾಗಿ ಹಚ್ಚಿ, ನಿಧಾನವಾಗಿ ತಂಪುಗೊಳಿಸಿರಿ. ಎಲ್ಲವನ್ನೂ ದಾಟಿಯೂ ಸೊನ್ನೆಯೇ ಉಳಿದರೆ ಮಾತ್ರ, ಅದು ನಿಜವಾಗಿ ಅತಿವಾಹಕತೆಯೇ ಎಂದು ಪರೀಕ್ಷಿಸಲು ಕಾಂತಕ್ಷೇತ್ರವಿಟ್ಟು ಅಳೆಯುವ ಶ್ರಮ ತೆಗೆದುಕೊಳ್ಳಿರಿ.