ಹೆದರಿಸದೆ ಮಕ್ಕಳಿಗೆ ಇಂಟರ್ನೆಟ್ ಸುರಕ್ಷತೆ ಕಲಿಸೋದು ಹೇಗೆ?

"ಏನಾದರೂ ಎಡವಟ್ಟಾದರೆ ಬಂದು ಹೇಳು, ಬೈಯಲ್ಲ, ಫೋನ್ ಕಿತ್ತುಕೊಳ್ಳಲ್ಲ" ಅಂತ ಮೊದಲೇ ಮಾತು ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ. ಯಾಕಂದ್ರೆ ಮಕ್ಕಳನ್ನು ಬಲೆಗೆ ಬೀಳಿಸುವವರು ಹೇಳುವುದೇ "ಮನೇಲಿ ಹೇಳಬೇಡ, ನಿನಗೇ ಬೈತಾರೆ" ಅಂತ. ನಾವು ಹೆದರಿಸಿಟ್ಟಿದ್ದರೆ ಮಗು ಅದನ್ನೇ ನಂಬಿ ಎಲ್ಲ ಮುಚ್ಚಿಡುತ್ತದೆ.

ನಮ್ಮ ಕೊಡಗಿನಲ್ಲಿ ಆನೆ ಓಡಾಡುತ್ತದೆ ಅಂತ ಮಕ್ಕಳನ್ನು ಕಾಫಿ ತೋಟಕ್ಕೇ ಬಿಡದೆ ಇರ್ತೀವಾ? ಹಸಿ ಲದ್ದಿ, ಮುರಿದು ಬಿದ್ದ ಬಾಳೆಗಿಡ ಕಂಡರೆ ಅಲ್ಲಿಂದಲೇ ವಾಪಸ್ ಬಾ, ಬಂದು ದೊಡ್ಡವರಿಗೆ ಹೇಳು ಅಂತ ಕಲಿಸ್ತೀವಿ ಅಲ್ವಾ, ಇಲ್ಲೂ ಅಷ್ಟೇ. ಗುರುತು ತೋರಿಸಿ: ಅವಸರ ಮಾಡುವವರು, ಗುಟ್ಟಾಗಿಡು ಅನ್ನುವವರು, ಫೋಟೊ ಅಥವಾ ಓಟಿಪಿ ಕೇಳುವವರು. ನಿಮ್ಮ ಫೋನಿಗೇ ಬಂದ "ಬಹುಮಾನ ಬಂದಿದೆ, ಪಿನ್ ಒತ್ತಿ" ಅನ್ನುವ ಮೆಸೇಜನ್ನು ಜಗಲಿಯಲ್ಲಿ ಜೊತೆಗೆ ಕೂತು ಓದಿಸಿ, ಎಲ್ಲಿ ಅನುಮಾನ ಬಂತು ಅಂತ ಮಗುವನ್ನೇ ಕೇಳಿ. ದುಡ್ಡು ಬರೋಕೆ ಯುಪಿಐ ಪಿನ್ ಬೇಡವೇ ಬೇಡ. ಇದು ಒಂದ್ಸಲ ತಲೆಗೆ ಹೋದರೆ ಆಮೇಲೆ ಅಜ್ಜಿಗೆ ಹೇಳಿಕೊಡುವುದು ಆ ಮಗುವೇ.

ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಗುವಿಗೆ ಯಾರಾದರೂ ಕಾಟ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.